ಬರಿ ಮಡಕೆಗೆ ಒಂದು ಹೆಸರು

ಬೇರೆ ಊರುಗಳಲ್ಲಿ ಆರ್‌ಎನ್‌ಎ ಬರಿಗಣ್ಣಿಗೆ ಕಾಣುವುದಿಲ್ಲವಂತೆ. ಅಲ್ಲಿಯ ವಿಜ್ಞಾನಿಗಳು ಅದನ್ನು ಯಂತ್ರಗಳಲ್ಲಿ ಹುಡುಕುತ್ತಾರೆ, ಕಂಡದ್ದನ್ನು ಚಿತ್ರ ಬರೆದು ತೋರಿಸುತ್ತಾರೆ ಎಂದು ಓದಿದ್ದೇನೆ. ನಮ್ಮ ಊರಿನಲ್ಲಿ ಅದು ಕೆರೆಯಲ್ಲಿ ಬೆಳೆಯುತ್ತದೆ. ಜೇಡರ ನೂಲಿನಷ್ಟು ತೆಳ್ಳಗಿನ ಎಳೆಗಳು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನೀರಿನ ಮೇಲೆ ಬೆಳ್ಳಗೆ ಕಾಣುತ್ತವೆ. ಪ್ರತಿ ಎಳೆಯಲ್ಲೂ ನಾಲ್ಕೇ ಬಗೆಯ ಮಣಿಗಳು, ಒಂದರ ಹಿಂದೆ ಒಂದು. ಮಣಿಗಳ ಸಾಲು ಹೇಗಿದೆಯೋ ಅದಕ್ಕೆ ತಕ್ಕಂತೆ ಎಳೆ ತನ್ನಷ್ಟಕ್ಕೆ ತಾನೇ ಮಡಚಿಕೊಳ್ಳುತ್ತದೆ, ಮಡಚಿಕೊಂಡ ಆಕಾರಕ್ಕೆ ತಕ್ಕಂತೆ ಒಂದು ವಸ್ತುವನ್ನು ಹಿಡಿಯುತ್ತದೆ. ಸೀಸ ಹಿಡಿಯುವ ಎಳೆ ತಾಮ್ರದ ತಂಟೆಗೆ ಹೋಗುವುದಿಲ್ಲ. ಕೆಲವು ಹಿಡಿದು ಸುಮ್ಮನಿರುವುದಿಲ್ಲ, ಹಿಡಿದದ್ದನ್ನು ಕತ್ತರಿಸುತ್ತವೆ. ಮೊದಲನೆಯವು ಹಿಡಿ ಎಳೆ, ಎರಡನೆಯವು ಕತ್ತರಿ ಎಳೆ.

ಊರಿನ ಪ್ರತಿ ಮನೆಯಲ್ಲೂ ಕುಡಿಯುವ ನೀರಿನ ಹಂಡೆಯ ಬಾಯಿಗೆ ಸೀಸ ಹಿಡಿಯುವ ಎಳೆಯ ಬಟ್ಟೆ ಕಟ್ಟಿರುತ್ತಾರೆ. ಮೆಣಸಿನ ಗಿಡದ ಎಲೆ ಮುರುಟಿದರೆ ಕತ್ತರಿ ಎಳೆ ಬೆರೆಸಿದ ನೀರು ಹೊಡೆಯುತ್ತಾರೆ. ಅದು ರೋಗದ ವೈರಸ್ಸು ಗಿಡದೊಳಗೆ ಹೊರಡಿಸುವ ಆಜ್ಞೆಗಳನ್ನು ತುಂಡು ಮಾಡುತ್ತದೆ, ಗಿಡವನ್ನು ಮುಟ್ಟುವುದಿಲ್ಲ. ಎಳೆಗಳಿಗೆ ಇರುವ ದೊಡ್ಡ ಶತ್ರು ನಾವೇ. ಮನುಷ್ಯರ ಚರ್ಮದ ಮೇಲೆ ಆರ್‌ಎನ್‌ಎಯನ್ನು ಚೂರು ಮಾಡುವ ಕಿಣ್ವವಿದೆ. ಬರಿಗೈಯಲ್ಲಿ ಮುಟ್ಟಿದ ಎಳೆ ಸಂಜೆಯೊಳಗೆ ನೀರಾಗುತ್ತದೆ. ಆದ್ದರಿಂದ ನಾವೆಲ್ಲ ಕೈಗವಸು ತೊಟ್ಟೇ ಬೆಳೆದವರು. ಊಟಕ್ಕೆ, ಸ್ನಾನಕ್ಕೆ ಮಾತ್ರ ತೆಗೆಯುತ್ತೇವೆ. ಮದುವೆಯಲ್ಲಿ ತಾಳಿ ಕಟ್ಟುವ ಮೊದಲು ಗಂಡು ಹೆಣ್ಣು ಕೈಗವಸು ಕಳಚುವ ಶಾಸ್ತ್ರವಿದೆ. ಆಗ ಹಿರಿಯರು ಮರ್ಯಾದೆಗೆ ಬೇರೆ ಕಡೆ ನೋಡುತ್ತಾರೆ, ಮಕ್ಕಳು ನೋಡಬಾರದ್ದನ್ನೇ ನೋಡುತ್ತಾರೆ.

ಊರಿನ ಎಲ್ಲರ ಬರಿಗೈ ನೋಡಿದ್ದ ಒಬ್ಬಳೇ ಹೆಂಗಸೆಂದರೆ ನೀಲಾಂಬಿಕೆ ಕರ್ಜಗಿ. ಕೈಗವಸು ಹೊಲಿಯುವುದು ಅವಳ ಕಸುಬು. ನಾನು ಕೆಲಸ ಮಾಡುವ ಪತ್ರಿಕೆಯ ಕಚೇರಿ ಮಹಡಿಯಲ್ಲಿದೆ, ಅವಳ ಅಂಗಡಿ ಅದರ ಕೆಳಗೆ. ನಾನು ಅವಳನ್ನು ನೀಲಕ್ಕ ಎನ್ನುತ್ತೇನೆ, ಅವಳು ನನ್ನನ್ನು ಪೇಪರಪ್ಪ ಎನ್ನುತ್ತಾಳೆ. ಅಳತೆಗೆ ಕೈ ಚಾಚಿದವರ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯುತ್ತಿರಲಿಲ್ಲ. ಹೊಲಿಗೆ ಎಷ್ಟು ಬಿಗಿ ಇರುತ್ತಿತ್ತೆಂದರೆ ಅವಳ ಕೈಗವಸಿನಿಂದ ಬೆವರು ಹೊರಗೆ ಬಂದ ದೂರು ನಾನು ಕೇಳಿಲ್ಲ.

ಅವಳ ಎಡಗಣ್ಣು ಹೋದ ವರ್ಷವೇ ಹೋಗಿತ್ತು. ಪೂರ್ತಿ ಕುರುಡಲ್ಲ, ನಡುವೆ ಒಂದು ಕಪ್ಪು ಕಲೆ, ಅಂಚಿನಲ್ಲಿ ಮಾತ್ರ ಬೆಳಕು. ಕಣ್ಣಿನ ಹಿಂಬದಿಯ ಪರದೆಯ ಕೆಳಗೆ ಬೇಡದ ರಕ್ತನಾಳಗಳು ಬೆಳೆದು ಸೋರುವ ರೋಗ ಅದು. ಬೆಳೆಯಿರಿ ಎಂದು ನಾಳಗಳಿಗೆ ಹೇಳುವ ಒಂದು ಪ್ರೋಟೀನು ಕಣ್ಣಿನಲ್ಲಿ ಹೆಚ್ಚಾದಾಗ ಹೀಗಾಗುತ್ತದೆ. ಬೇಸಿಗೆಯ ಒಂದು ಬೆಳಿಗ್ಗೆ ನಾನು ಮೆಟ್ಟಿಲು ಹತ್ತುವಾಗ ನೀಲಕ್ಕ ಕರೆದು, ಬಲಗಣ್ಣಿನಿಂದ ಅಂಗಡಿಯ ಬಾಗಿಲನ್ನೇ ನೋಡುತ್ತ ಹೇಳಿದಳು: "ಚೌಕಟ್ಟು ಡೊಂಕ ಕಾಣಾಕತ್ತೇತಿ, ಪೇಪರಪ್ಪಾ. ಬಡಿಗ್ಯಾರನ್ನ ಕರಸ್ಲೋ, ಡಾಕ್ಟರ್ನ ಕರಸ್ಲೋ?"

ಚೌಕಟ್ಟು ನೆಟ್ಟಗಿತ್ತು. ನಾನು ಹಾಗೆಂದೇ ಹೇಳಿದೆ. ಅವಳು ತಲೆಯಾಡಿಸಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಎಡಗಣ್ಣಿನದೂ ಶುರುವಾದದ್ದು ಹೀಗೆಯೇ. ಕಣ್ಣಿನ ಡಾಕ್ಟರು ನೋಡಿ, ಮಳೆಗಾಲ ಮುಗಿಯುವುದರೊಳಗೆ ಬಲಗಣ್ಣೂ ಅದೇ ದಾರಿ ಹಿಡಿಯುತ್ತದೆ ಎಂದರು. ಆ ಪ್ರೋಟೀನನ್ನು ಹಿಡಿದು ಕೂರಿಸುವ ಎಳೆಯೊಂದು ಸಿಕ್ಕರೆ ಅದನ್ನು ಕಣ್ಣಿಗೆ ಸೂಜಿಯಲ್ಲಿ ಕೊಡಬಹುದು. ಅದು ತೊಳೆಮನೆಯವರ ಕೆಲಸ ಎಂದರು.

ತೊಳೆಮನೆ ಎಂದರೆ ಎಳೆ ಆರಿಸುವ ನಮ್ಮ ಸಂಶೋಧನಾಲಯ. ಕೆರೆಯ ದಂಡೆಯ ಮೇಲೆ, ಮೂರು ಕಡೆ ತೆರೆದ ಪಡಸಾಲೆ. ಅಲ್ಲಿ ನಡೆಯುವುದನ್ನು ಯಾರು ಬೇಕಾದರೂ ಕಟ್ಟೆಯ ಮೇಲೆ ಕುಳಿತು ನೋಡಬಹುದು. ಪದ್ಧತಿ ಇಷ್ಟು: ಬೇಕಾದ ವಸ್ತುವನ್ನು ಕರಿ ಮಡಕೆಯ ಒಳಮೈಗೆ ಸವರುತ್ತಾರೆ. ಕೆರೆಯಿಂದ ತಂದ ಎಳೆಗಳ ರಾಶಿಯನ್ನು ಅದಕ್ಕೆ ಬಿಡುತ್ತಾರೆ. ಉಪ್ಪುನೀರಿನಲ್ಲಿ ತೊಳೆದಾಗ ಹಿಡಿಯದವು ಹರಿದು ಹೋಗುತ್ತವೆ. ಉಳಿದವನ್ನು ಬಿಸಿನೀರಿನಿಂದ ಬಿಡಿಸಿ ನಕಲು ತೊಟ್ಟಿಗೆ ಹಾಕುತ್ತಾರೆ. ಅಲ್ಲಿ ಒಂದು ಎಳೆ ಸಾವಿರವಾಗುತ್ತದೆ, ನಕಲಾಗುವಾಗ ಅಲ್ಲೊಂದು ಇಲ್ಲೊಂದು ಮಣಿ ತಪ್ಪುತ್ತದೆ, ಆ ತಪ್ಪುಗಳಲ್ಲೇ ಕೆಲವು ಮೊದಲಿನವಕ್ಕಿಂತ ಗಟ್ಟಿಯಾಗಿ ಹಿಡಿಯುತ್ತವೆ. ಮತ್ತೆ ಮಡಕೆ, ಮತ್ತೆ ತೊಳೆತ. ಸುತ್ತು ಹೆಚ್ಚಿದಂತೆ ಕೆಲಸಕ್ಕೆ ಬಾರದವು ಕಳೆದು ಬಲ್ಲವು ಉಳಿಯುತ್ತವೆ. ನಮ್ಮ ನೀರಿನ ಬಟ್ಟೆಯ ಎಳೆ, ಮೆಣಸಿನ ಗಿಡದ ಎಳೆ, ಎಲ್ಲವೂ ಹೀಗೆ ಬಂದವು.

ಕಣ್ಣಿನ ಎಳೆಯ ಕೆಲಸ ಹಿಡಿದವರು ಡಾಕ್ಟರ್ ಮೆಹಜಬೀನ್ ಬಾಗವಾನ. ಹಣ್ಣಿನ ವ್ಯಾಪಾರಿಗಳ ಮನೆತನದವರು, ಮಾತು ಕಡಿಮೆ. ಅವರ ಮೇಲಿನವರು ತೊಳೆಮನೆಯ ಮುಖ್ಯಸ್ಥ ವೃಷಭೇಂದ್ರ ಹಂಪಿಹೊಳಿ. ಊರಿಗೆ ಸೀಸದ ಎಳೆ ಕೊಟ್ಟವರು ಅವರೇ, ಹಾಗಾಗಿ ಅವರ ಮಾತಿಗೆ ತೂಕ ಹೆಚ್ಚು. ಸುತ್ತಿನಿಂದ ಸುತ್ತಿಗೆ ಮಡಕೆಯಲ್ಲಿ ಉಳಿಯುವ ಎಳೆ ಹೆಚ್ಚುತ್ತ ಹೋಯಿತು. ಮಳೆ ಶುರುವಾಗುವ ಹೊತ್ತಿಗೆ, ಬಿಟ್ಟದ್ದರಲ್ಲಿ ಮುಕ್ಕಾಲು ಪಾಲು ಮಡಕೆಯಲ್ಲೇ ನಿಂತಿತು. ಹಂಪಿಹೊಳಿಯವರು ನನ್ನನ್ನು ಕರೆಸಿ, ಕಣ್ಣಿನ ಎಳೆ ಸಿಕ್ಕಿತೆಂದು ಬರೆದುಕೊಳ್ಳಲು ಹೇಳಿದರು. ಮಡಕೆಯ ಹೊರಗೆ, ಕಣ್ಣಿನ ದ್ರವದಲ್ಲೇ ಹಿಡಿದದ್ದನ್ನು ನೋಡಿದ ಮೇಲೆ ಬರೆಯುತ್ತೇನೆ ಎಂದೆ. ಅವರಿಗೆ ಸಿಟ್ಟು ಬಂತು. ಮೆಹಜಬೀನ್ ಮಾತ್ರ, ಹಾಗೆ ನೋಡದೆ ಯಾರ ಕಣ್ಣಿಗೂ ಸೂಜಿ ಹಾಕುವುದಿಲ್ಲ, ನಾಳೆಯೇ ನೋಡುತ್ತೇನೆ ಎಂದರು.

ಮರುದಿನ ಅವರು ರೋಗಿಗಳ ಕಣ್ಣಿನಿಂದ ತೆಗೆದ ದ್ರವದಲ್ಲಿ ಎಳೆ ಬಿಟ್ಟರು. ಎಳೆಗಳು ಮಡಚಿಕೊಂಡವು, ತೇಲಿದವು, ಏನನ್ನೂ ಹಿಡಿಯಲಿಲ್ಲ. ಇನ್ನೊಮ್ಮೆ ಬಿಟ್ಟರು. ಅದೇ ಆಯಿತು. ಸಂಜೆ ನಾನು ಹೋದಾಗ ಅವರು ಪಡಸಾಲೆಯ ಮೂಲೆಯಲ್ಲಿ ಒಡೆದ ಮಡಕೆಯ ಬೋಕಿಯೊಂದನ್ನು ಕೈಗವಸಿನಲ್ಲಿ ಹಿಡಿದು ಕುಳಿತಿದ್ದರು. ಬೋಕಿಯ ತುಂಬ ಎಳೆ ಬೆಳ್ಳಗೆ ಅಂಟಿಕೊಂಡಿತ್ತು. ಅದು ಮಡಕೆಯ ಕತ್ತಿನ ಚೂರು, ಅಲ್ಲಿಗೆ ಏನನ್ನೂ ಸವರಿರಲಿಲ್ಲ.

"ಮಡಕಿ ಹಿಡದಾವ್ರಿ," ಎಂದರು. "ಇಷ್ಟ ದಿನ ನಾವು ಕಣ್ಣಿನ ಎಳಿ ಬೆಳಸಿಲ್ಲ, ಮಡಕಿ ಎಳಿ ಬೆಳಸೀವಿ."

ನಾನು ಬರೆದುಕೊಂಡೆ. ಅವರ ವಿವರಣೆ ಸರಳವಾಗಿತ್ತು. ಸೀಸದಂಥ ವಸ್ತುವನ್ನು ಮಡಕೆಗೆ ದಪ್ಪಗೆ ಸವರಬಹುದು. ಮಣ್ಣು ಮುಚ್ಚಿಹೋಗುತ್ತದೆ, ಮಣ್ಣನ್ನು ಹಿಡಿಯುವ ಎಳೆಗಳಿಗೆ ಜಾಗವೇ ಇರುವುದಿಲ್ಲ. ಕಣ್ಣಿನ ಪ್ರೋಟೀನು ಸಿಗುವುದೇ ಒಂದೆರಡು ತೊಟ್ಟು. ಅದರ ಸುತ್ತ ಬರಿ ಮಣ್ಣು. ತೊಳೆತವೆಂಬುದು ಹಿಡಿದದ್ದನ್ನು ಉಳಿಸುತ್ತದೆ, ಏನನ್ನು ಹಿಡಿಯಿತು ಎಂದು ಕೇಳುವುದಿಲ್ಲ. ಗಾಜಿನ ಪಾತ್ರೆ ತಂದರೆ ಗಾಜು ಹಿಡಿಯುವ ಎಳೆ ಬರುತ್ತದೆ, ಹಿತ್ತಾಳೆ ತಂದರೆ ಹಿತ್ತಾಳೆಯದು. ಉಪಾಯ ಒಂದೇ. ಪ್ರತಿ ಸುತ್ತಿನ ಮೊದಲು ಎಳೆಗಳನ್ನು ಏನೂ ಸವರದ ಖಾಲಿ ಪಾತ್ರೆಗೆ ಬಿಡಬೇಕು. ಅಲ್ಲಿ ನಿಂತವನ್ನು ಎಸೆಯಬೇಕು, ಜಾರಿ ಹೊರಬಂದವನ್ನು ಮಾತ್ರ ಮುಂದಕ್ಕೆ ಒಯ್ಯಬೇಕು.

ಇಷ್ಟು ಸಣ್ಣ ಉಪಾಯ ಇಷ್ಟು ವರ್ಷ ಯಾರಿಗೂ ಹೊಳೆಯದೆ ಇದ್ದದ್ದಕ್ಕೆ ಕಾರಣ ದಡ್ಡತನವಲ್ಲ. ನಮ್ಮಲ್ಲಿ ಬರಿ ಮಡಕೆಗೆ ಎಳೆ ಬಿಡುವುದು ಸಾವಿನ ದಿನ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ನೀರಿನ ಬಟ್ಟೆಯ ಎಳೆಗಳನ್ನು ಖಾಲಿ ಮಡಕೆಗೆ ಹಾಕಿ, ಜನರೆದುರು ಹೆಸರು ಹೇಳಿ, ಕೆರೆಗೆ ಬಿಡುತ್ತೇವೆ. ಹೆಸರು ಹೇಳದೆ ಬರಿ ಮಡಕೆಗೆ ಎಳೆ ಬಿಡುವಂತಿಲ್ಲ. ಹೆಸರು ಹೇಳಿಸಿಕೊಂಡವರ ಕೈಯಿಂದ ಅಂದಿನಿಂದ ಯಾರೂ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಸತ್ತವರ ವಿಷಯದಲ್ಲಿ ಇದು ಪಾಲಿಸಲು ಸುಲಭವಾದ ನಿಯಮ. ಹೆಸರು ಮರುದಿನ ನಮ್ಮ ಪತ್ರಿಕೆಯ ನಿಧನ ಅಂಕಣದಲ್ಲಿ ಬರುತ್ತದೆ.

ಹಂಪಿಹೊಳಿಯವರು ಒಪ್ಪಲಿಲ್ಲ. ಅವರ ವಾದವನ್ನು ನಾನು ಪೂರ್ತಿ ಬರೆದುಕೊಂಡಿದ್ದೇನೆ, ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಕೆರೆ ಊರಿನದು, ಎಳೆ ಊರಿನದು; ಜನ ನಂಬಿ ಕೊಡುವುದರಿಂದ ತೊಳೆಮನೆ ನಡೆದಿದೆ. ಬದುಕಿದವರ ನಡುವೆ ಬರಿ ಮಡಕೆ ಇಟ್ಟರೆಂಬ ಮಾತು ಹಬ್ಬಿದರೆ ನಾಳೆ ಒಂದು ಹಿಡಿ ಎಳೆಯೂ ಸಿಗುವುದಿಲ್ಲ, ಆಗ ಕಣ್ಣಿನ ಎಳೆಯೂ ಇಲ್ಲ, ಬೇರೆ ಎಳೆಯೂ ಇಲ್ಲ. ಮೆಹಜಬೀನ್ ತಮ್ಮ ಮಾತು ಬಿಡಲಿಲ್ಲ. ಕೊನೆಗೆ ಹಂಪಿಹೊಳಿಯವರು, "ಹೆಸರು ಯಾರ್ದು ಹೇಳ್ತೀರಿ, ಡಾಕ್ಟರ? ನಿಮ್ಮದೋ, ನಂದೋ?" ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮಾಡಿದರೆ ತಾವು ನೋಡಿಲ್ಲ ಎನ್ನಬಹುದು ಎಂದರು.

"ಬಾಗಲಾ ಹಾಕಿ ಮಾಡಿದ್ದನ್ನ ಆಮ್ಯಾಲೆ ಯಾರ ಮುಂದ ಇಡ್ಲಿ ಸರ್?" ಎಂದರು ಮೆಹಜಬೀನ್. "ನಾಕ ಮಂದಿ ನೋಡಲಾರದ್ದು ತೊಳೆತ ಅನಸ್ಕೊಳ್ಳಂಗಿಲ್ಲ. ನೀವ ಕಲಿಸಿದ್ದು."

ವಿಷಯ ಅಲ್ಲಿಗೆ ನಿಂತಿತು. ನಾನು ಕಚೇರಿಗೆ ಮರಳುವಾಗ ನೀಲಕ್ಕನ ಅಂಗಡಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅದು ಅವಳ ಕಣ್ಣಿನ ವಿಷಯ, ಅವಳಿಗೆ ಗೊತ್ತಿರಬೇಕಾದದ್ದು. ಅವಳು ಕೈಯಲ್ಲಿದ್ದ ಕೈಗವಸಿನ ಹೊಲಿಗೆಯನ್ನು ಬೆರಳಿನಿಂದ ತಡವಿ ನೋಡುತ್ತ ಕೇಳಿಸಿಕೊಂಡಳು. ಈಗೀಗ ಹಾಗೆಯೇ ಪರೀಕ್ಷಿಸುತ್ತಿದ್ದಳು, ಕಣ್ಣು ನೆಟ್ಟಗಿನ ಹೊಲಿಗೆಯನ್ನೂ ಅಲೆಯಂತೆ ತೋರಿಸುತ್ತಿದ್ದುದರಿಂದ. ಎರಡು ಜೋಡಿ ಬಿಚ್ಚಿ ಮತ್ತೆ ಹೊಲಿದಿದ್ದಳು. ಕೇಳಿ ಮುಗಿದ ಮೇಲೆ ಎದ್ದು ಅಂಗಡಿಗೆ ಬೀಗ ಹಾಕಿ, ತೊಳೆಮನೆಗೆ ದಾರಿ ತೋರಿಸು, ಗುಂಡಿ ಬಂದರೆ ಹೇಳು ಎಂದಳು.

ಹಂಪಿಹೊಳಿಯವರು ಇನ್ನೂ ಪಡಸಾಲೆಯಲ್ಲೇ ಇದ್ದರು. ನೀಲಕ್ಕ ಮೆಟ್ಟಿಲ ಮೇಲೆ ಕುಳಿತು, ಮಡಕೆಗೆ ತನ್ನ ಹೆಸರು ಹೇಳಿರಿ ಎಂದಳು. ಅವರು ಗಾಬರಿಯಾದರು. ನಿಯಮ ಏನೆಂದು ಮರೆತೆಯಾ, ಯಾರೂ ನಿನ್ನ ಕೈಯಿಂದ ಕೈಗವಸು ತೆಗೆದುಕೊಳ್ಳುವುದಿಲ್ಲ, ಹೊಟ್ಟೆಗೆ ಏನು ಮಾಡುತ್ತೀ ಎಂದು ಕೇಳಿದರು. ಗಂಡ ಹೋದಾಗ ಇದೇ ಮೆಟ್ಟಿಲ ಮೇಲೆ ನಿಂತು ಅವನ ಹೆಸರು ಹೇಳಿದವಳು ತಾನೇ, ಏನೂ ಮರೆತಿಲ್ಲ ಎಂದಳು ಅವಳು.

"ಕಣ್ಣ ಹೋದ್ರೂ ನನ್ನ ಕೈಯಾಗಿಂದ ಯಾರೂ ತಗೊಳ್ಳಂಗಿಲ್ಲ, ಸಾಹೇಬ್ರ. ಕುರುಡಿ ಹೊಲದ ಕೈಗವಸ ನೀವರ ತೊಡ್ತೀರೇನು? ಹೆಂಗೂ ಮಾರೋದು ನಿಲ್ಲೋದ ಅಂದ್ರ, ಕಣ್ಣ ಇಟ್ಕೊಂಡು ನಿಲ್ಲೋದು ಚಲೋ."

ಹೆಸರು ಸತ್ತವರದೇ ಆಗಬೇಕೆಂದು ನಿಯಮದಲ್ಲಿ ಇದೆಯೇ ಎಂದು ನಾನು ಹಂಪಿಹೊಳಿಯವರನ್ನು ಕೇಳಿದೆ. ಇಲ್ಲ, ಹಾಗೆಂದು ಹೇಳಿಡುವ ಅಗತ್ಯ ಯಾರಿಗೂ ಬಂದಿರಲಿಲ್ಲ ಎಂದರು. ಕೊನೆಗೆ, ಮಾಡುವುದಾದರೆ ಬೆಳಗಿನ ಹೊತ್ತು, ಕಟ್ಟೆ ತುಂಬ ಜನ ಇರುವಾಗ ಮಾಡಿ ಎಂದು ಹೇಳಿ ಎದ್ದು ಹೋದರು.

ಮರುದಿನ ಬೆಳಿಗ್ಗೆ ಜನ ಕಟ್ಟೆ ತುಂಬಿ ದಂಡೆಯವರೆಗೆ ನಿಂತಿದ್ದರು. ಕೆಲವರು ಸಾವಿಗೆ ಬರುವಂತೆ ಬಿಳಿ ಕೈಗವಸು ತೊಟ್ಟಿದ್ದರು, ಕೆಲವರು ಯಾವುದನ್ನು ತೊಡಬೇಕೆಂದು ತಿಳಿಯದೆ ಒಂದು ಬಿಳಿ ಒಂದು ಬಣ್ಣದ್ದು. ನೀಲಕ್ಕನ ಓಣಿಯ ಹೆಂಗಸರು, ಅಳಬೇಕೋ ಬೇಡವೋ ಎಂದು ಅವಳನ್ನೇ ಕೇಳಿದರು. ಅಳುವುದಾದರೆ ಚಂದಗೆ ಅಳ್ರಿ, ಹೆಂಗ ಅಳ್ತೀರಿ ನೋಡ್ಕೊಂಡು ಹೋಗ್ತೀನಿ ಎಂದಳು. ಅವರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ಮೆಹಜಬೀನ್ ಹೊಸ ಮಡಕೆಯನ್ನು ಎತ್ತಿ ಎಲ್ಲರಿಗೂ ಒಳಗೆ ತೋರಿಸಿದರು. ಖಾಲಿ. ನೀಲಕ್ಕ ತನ್ನ ಹೆಸರನ್ನು ತಾನೇ ಹೇಳಿದಳು, ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ. ಎಳೆಯ ರಾಶಿಯನ್ನು ಮಡಕೆಗೆ ಬಿಟ್ಟರು, ಕಾದರು, ಉಪ್ಪುನೀರು ಹೊಯ್ದು ತೊಳೆದರು, ಮತ್ತೊಮ್ಮೆ ತೊಳೆದರು.

ಆಮೇಲೆ ಮೆಹಜಬೀನ್ ಮಡಕೆಯನ್ನು ಬಿಸಿಲಿಗೆ ವಾಲಿಸಿದರು. ಕರಿ ಮಣ್ಣು ಕಾಣುತ್ತಿರಲಿಲ್ಲ. ಒಳಗೆಲ್ಲ ಬೆಳ್ಳಗಿನ ಎಳೆ, ಗೋಡೆಗೆ ಸುಣ್ಣ ಬಳಿದಂತೆ. ಹಿಡಿಯಲು ಏನೂ ಇಲ್ಲದ ಮಡಕೆಯನ್ನು ರಾಶಿಗೆ ರಾಶಿಯೇ ಹಿಡಿದು ನಿಂತಿತ್ತು. ಜಾರಿ ಹೊರಬಂದದ್ದು ಬೋಗುಣಿಯ ತಳದಲ್ಲಿ ಒಂದು ಚಿಟಿಕೆ. ಹಂಪಿಹೊಳಿಯವರು ಗುಂಪಿನ ಹಿಂದಿನಿಂದ ಬಂದು ಮಡಕೆಯೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ನಂತರ ಬೋಗುಣಿಯ ಕಡೆ ತಿರುಗಿ, ಆ ಚಿಟಿಕೆಯನ್ನು ಗಾಳಿಗೆ ಬಿಡಬೇಡಿ, ಮುಚ್ಚಿಡಿ ಎಂದರು.

ಅಂದು ಸಂಜೆ ಕಚೇರಿಯಲ್ಲಿ ನಮ್ಮ ಸಂಪಾದಕರಿಗೂ ನನಗೂ ಮಾತು ಬೆಳೆಯಿತು. ಬದುಕಿದವರ ಹೆಸರನ್ನು ನಿಧನ ಅಂಕಣದಲ್ಲಿ ಹಾಕಿದರೆ ಸುಳ್ಳಾಗುತ್ತದೆ ಎಂದು ಅವರು. ಮಡಕೆಗೆ ಹೇಳಿದ ಹೆಸರನ್ನು ಆ ಅಂಕಣದಿಂದ ಕೈಬಿಟ್ಟರೆ, ಬಾಗಿಲು ಹಾಕಿ ಮಾಡಿದಂತಾಗುತ್ತದೆ, ನಾಳೆ ಅದನ್ನು ಯಾರೂ ನಂಬುವುದಿಲ್ಲ ಎಂದು ನಾನು. ಎರಡೂ ನಿಜ. ಬರೆದು ತೋರಿಸು ಎಂದರು. ಅಂಕಣದಲ್ಲಿ ಹೀಗೆ ಬಂತು: "ನಿನ್ನೆ ಬೆಳಿಗ್ಗೆ ತೊಳೆಮನೆಯಲ್ಲಿ ನೀಲಾಂಬಿಕೆ ಕರ್ಜಗಿ ಅವರ ಹೆಸರಿನಲ್ಲಿ ಬರಿ ಮಡಕೆಗೆ ಎಳೆ ಬಿಡಲಾಯಿತು. ಅವರು ಬದುಕಿದ್ದಾರೆ. ಬಿಟ್ಟ ಎಳೆಗಳಲ್ಲಿ ಹೆಚ್ಚಿನವು ಮಡಕೆಯನ್ನೇ ಹಿಡಿದವು. ಹಿಡಿಯದವುಗಳಿಂದ ಕಣ್ಣಿನ ಔಷಧದ ಕೆಲಸ ಮುಂದುವರಿದಿದೆ. ಅವರ ಅಂಗಡಿ ಎಂದಿನಂತೆ ತೆರೆದಿರುತ್ತದೆ."

ಅದನ್ನು ಓದಿ ಹೇಳಿದಾಗ ನೀಲಕ್ಕ, "ಸತ್ತ ಮ್ಯಾಲರ ಪುಗಸಟ್ಟೆ ಜಾಹೀರಾತು ಸಿಕ್ತಲ್ಲ," ಎಂದಳು.

ಚಿಟಿಕೆಯಿಂದ ಕೆಲಸ ಮತ್ತೆ ಶುರುವಾಯಿತು. ಪ್ರತಿ ಸುತ್ತಿಗೂ ಬರಿ ಮಡಕೆ, ಪ್ರತಿ ಸಲವೂ ಕಟ್ಟೆಯ ಮೇಲೆ ಜನ, ಪ್ರತಿ ಸಲವೂ ಅದೇ ಹೆಸರು. ಒಂದು ಹೆಸರನ್ನು ಎರಡನೆಯ ಸಲ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ನಿಯಮವಿರಲಿಲ್ಲ. ಬರಿ ಮಡಕೆಯಲ್ಲಿ ನಿಲ್ಲುವ ಎಳೆ ಕಡಿಮೆಯಾಗುತ್ತ ಬಂದು, ಒಂದು ಬೆಳಿಗ್ಗೆ ಮಣ್ಣು ಕರ್ರಗೆ ಹಾಗೆಯೇ ಕಂಡಿತು. ಅಂದು ಜನ ಸಮಾಧಾನದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮೆಹಜಬೀನ್ ಅವೇ ಎಳೆಗಳನ್ನು ಕಣ್ಣಿನ ದ್ರವಕ್ಕೆ ಬಿಟ್ಟರು. ಈ ಸಲ ಅವು ಪ್ರೋಟೀನನ್ನು ಹಿಡಿದವು, ತೊಳೆದರೂ ಬಿಡಲಿಲ್ಲ. ನಾನು ಎರಡನೆಯ ಪರೀಕ್ಷೆಯನ್ನೂ ನೋಡಿ ಸುದ್ದಿ ಬರೆದೆ. ಎಳೆ ಕಣ್ಣಿನೊಳಗೆ ಬೇಗ ಕರಗದಂತೆ ಮಣಿಗಳಿಗೆ ಹದ ಕೊಟ್ಟು, ಪ್ರಾಣಿಗಳಲ್ಲಿ ನೋಡಿ, ಆಮೇಲೆ ನೀಲಕ್ಕನ ಬಲಗಣ್ಣಿಗೆ ಮೊದಲ ಸೂಜಿ ಹಾಕಿದರು. ಮಳೆಗಾಲ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಬಾಗಿಲಿನ ಚೌಕಟ್ಟು ಅವಳಿಗೆ ಇನ್ನಷ್ಟು ಡೊಂಕಾಗಿತ್ತು. ಹಲವು ಸೂಜಿಗಳ ಮೇಲೆ ನಿಧಾನವಾಗಿ ನೆಟ್ಟಗಾಯಿತು. ಎಡಗಣ್ಣು ಮರಳಲಿಲ್ಲ. ಸತ್ತ ಪರದೆಯನ್ನು ಎಳೆ ಎಬ್ಬಿಸುವುದಿಲ್ಲ ಎಂದು ಕಣ್ಣಿನ ಡಾಕ್ಟರು ಮೊದಲೇ ಹೇಳಿದ್ದರು.

ವ್ಯಾಪಾರದ ವಿಷಯ ಬೇರೆ. ಊರಿನವರು ಅವಳನ್ನು ಬಿಡಲಿಲ್ಲ, ನಿಯಮವನ್ನೂ ಬಿಡಲಿಲ್ಲ. ಅಂಗಡಿಯ ಮುಂದೆ ಒಂದು ಬೆಂಚು ಬಂತು. ಜನ ಹಳೆಯ ಜೋಡಿಯನ್ನು ಅಳತೆಗೆಂದು ಬೆಂಚಿನ ಮೇಲಿಟ್ಟು ಹೋಗುತ್ತಿದ್ದರು. ಅವಳು ಹೊಲಿದದ್ದನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದ ಮೇಲೆ ಬಂದು ಎತ್ತಿಕೊಳ್ಳುತ್ತಿದ್ದರು. ಕೈಯಿಂದ ತೆಗೆದುಕೊಂಡಂತೆ ಆಗಲಿಲ್ಲವಲ್ಲ. ಊಟಕ್ಕೆ ಕೊರತೆಯಾಗಲಿಲ್ಲ. ಆದರೆ ಆ ಅಂಗಡಿಯಲ್ಲಿ ಯಾರೂ ಅಂಗೈ ಚಾಚುವುದು ಕಾಣಲಿಲ್ಲ. ಹಳೆಯ ಕೈಗವಸು ನೋಡಿ ಹೊಲಿಯುವುದೆಂದರೆ ಹೆಣದ ಅಳತೆ ತೆಗೆದಂತೆ ಎಂದು ಒಮ್ಮೆ ನನ್ನೆದುರು ಗೊಣಗಿದಳು. ಅವಳು ಬೇಸರ ತೋರಿಸಿದ್ದು ಅದೊಂದೇ ಸಲ.

ಸುಗ್ಗಿಯ ಹೊತ್ತಿಗೆ ಹಂಪಿಹೊಳಿಯವರು ಬಂದರು. ನಡು ಮಧ್ಯಾಹ್ನ, ಪೇಟೆಯಲ್ಲಿ ಜನ. ಅವರ ಕೈಯಲ್ಲಿ ಹಳೆಯ ಜೋಡಿ ಇರಲಿಲ್ಲ. ಬೆಂಚನ್ನು ದಾಟಿ ಒಳಗೆ ಹೋಗಿ, ತೊಟ್ಟಿದ್ದ ಕೈಗವಸುಗಳನ್ನು ಕಳಚಿ ಜೇಬಿಗಿಟ್ಟು, ಎರಡೂ ಅಂಗೈ ಚಾಚಿದರು. ಮುಂದಿನ ವಾರ ಕರುಳಿನ ರೋಗದ ಕತ್ತರಿ ಎಳೆಯ ಕೆಲಸ ಶುರುವಾಗುತ್ತದೆ, ಬರಿ ಮಡಕೆಗೆ ಈ ಸಲ ತಮ್ಮ ಹೆಸರು, ಅದಕ್ಕೆ ಒಂದು ಹೊಸ ಜೋಡಿ ಬೇಕು ಎಂದರು. ನೀಲಕ್ಕ ಅವರ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ನೋಡಿದಳು. ಅಲ್ಲೇ ಕುಳಿತುಕೊಳ್ಳಿ ಎಂದು ಹೇಳಿ ಹೊಲಿಯತೊಡಗಿದಳು. ರಸ್ತೆಯಲ್ಲಿ ಹೋಗುವವರು ನಿಂತರು. ನಾನು ಮೆಟ್ಟಿಲಿನಿಂದ ಇಳಿದು ಬಾಗಿಲಲ್ಲಿ ನಿಂತೆ.

ಹೊಲಿದು ಮುಗಿದ ಮೇಲೆ ಅವಳು ಜೋಡಿಯನ್ನು ಹಿಡಿದುಕೊಂಡು ಬೆಂಚಿನ ಕಡೆ ಹೊರಟಳು. ಹಂಪಿಹೊಳಿಯವರು ದಾರಿಯಲ್ಲಿ ನಿಂತು ಕೈ ಮುಂದೆ ಮಾಡಿದರು. ಅವಳು ಒಂದು ಕ್ಷಣ ತಡೆದು, ಅವರ ಬರಿಗೈಗೆ ಇಟ್ಟಳು.

"ಹೊಲಿಗಿ ನೋಡ್ಕೋರಿ," ಎಂದಳು. "ಡೊಂಕ ಇದ್ರ ಈಗ ಹೇಳ್ರಿ. ಮುಂದಿನ ವಾರದಿಂದ ನಿಮ್ಮ ಕೈಯಾಗಿಂದೂ ಯಾರೂ ಏನೂ ತಗೊಳ್ಳಂಗಿಲ್ಲ, ಹೊಳ್ಳಿ ಕೊಡಾಕ ಬಂದ್ರ ನಾನೂ ತಗೊಳ್ಳಂಗಿಲ್ಲ."

ಅವರು ಬಾಗಿಲಿನ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಸಾಲನ್ನು ನೋಡಿದರು. ನೆಟ್ಟಗೈತಿ ಎಂದರು. ನಾನೂ ಹತ್ತಿರ ಹೋಗಿ ನೋಡಿದೆ. ನೆಟ್ಟಗಿತ್ತು.